ಯುದ್ಧ ಬ್ಯಾಡ ಅನ್ಲಿಕ್ಕ ಎಷ್ಟ್ ಕಾಗದ ಬೇಕು: ಕಲಬುರಗಿದಾಗ ಶಾಂತಿ ಮೆರವಣಿಗಿ ಮಾಡಿದ ಅನುಭವ

ಗಾಜಾದ ಯುದ್ಧ ನಿಲ್ಲಲಿ ಅಂತ ನಾವು ಮಾಡಿದ ಮೆರವಣಿಗಿ ಮುಗದ ಮ್ಯಾಲ ಬೀದರ್ ಕಡಿಯವರು, ಯಾದಗಿರಿ ಕಡಿಯವರು ಫೋನ್ ಮಾಡಿ ಕೇಳ್ಲತ್ತಿದ್ದು ಒಂದೇ ಮಾತು, ಪರ್ಮಿಷನ್ ಹ್ಯಾಂಗ ಸಿಕ್ಕಿತ್ರಿ, ಕೇಸ್ ಗೀಸ್ ಆಗಲಿಲ್ಲೇನು, ಯಾವ ಪಾರ್ಟಿ ಸಪೋರ್ಟ್ ಇತ್ತು. ಎಲ್ಲರಿಗೂ ಬ್ಯಾರೆ ಬ್ಯಾರೆ ಹೇಳಿ ಹೇಳಿ ಸಾಕಾಗಿ ಒಂದೇ ಕಡಿ ಬರದು ಇಡೋಣ ಅಂತ ಕುಂತೀನಿ. ಮೊದಲೇ ಹೇಳ್ತೀನಿ, ನಾ ಯಾವ ಪಾರ್ಟಿದವನೂ ಅಲ್ಲ, ಗಂಜ್‌ನಾಗ ಒಂದ್ ದಾಲ್ ಮಿಲ್ಲಿನಾಗ ಲೆಕ್ಕ ಬರಿಯೋ ಮನಷ್ಯಾ, ನನ್ನ ಜೋಡಿ ಇದ್ದವರು ಒಬ್ರು ರಿಟೈರ್ ಮಾಸ್ತರ್ (ಓಣಿ ತುಂಬ ಎಲ್ಲರಿಗೂ ಅವರು ಕಾಕಾನೇ), ಒಬ್ರು ವಕೀಲ ಮೇಡಂ, ಒಬ್ರು ದರ್ಜಿ ಭಾಯ್, ಮತ್ತ ಒಂದಿಷ್ಟ್ ಕಾಲೇಜ್ ಹುಡುಗ್ರು. ನಮಗ ಯಾರಿಗೂ ಇದಕ್ಕ ಮೊದಲ ಒಂದ್ ಮೆರವಣಿಗಿ ನಡಸಿ ಗೊತ್ತಿಲ್ಲ, ಬ್ಯಾರೆಯವರ ಮೆರವಣಿಗಿ ಬಂದಾಗ ಜಗತ್ ಸರ್ಕಲ್‌ದಾಗ ಗಾಡಿ ಬಂದ್ ಮಾಡಿ ಬೈಕೋತ ನಿಂತಿದ್ದು ಮಾತ್ರ ಗೊತ್ತು.

ಶುರು ಆಗಿದ್ದು 2025ರ ಆಗಸ್ಟ್‌ದಾಗ. ಆಗಸ್ಟ್ 3ಕ್ಕ ಸಿಡ್ನಿದಾಗ ಹಾರ್ಬರ್ ಬ್ರಿಜ್ ಮ್ಯಾಲ ಮಳಿಯಾಗ ಗಾಜಾ ಯುದ್ಧ ಬ್ಯಾಡ ಅಂತ ಮಂದಿ ನಡದ ವಿಡಿಯೋ ನೀವೂ ನೋಡಿರಬೇಕು, ಪೊಲೀಸ್ರ ಲೆಕ್ಕದಾಗೇ 90,000 ಮಂದಿ. ಆ ವಿಡಿಯೋ ನಮ್ಮ ಗ್ರೂಪಿಗಿ ಹಾಕಿದ್ದು ಕಾಕಾ. ನಂಗ ಭಾಳ ಹಿಡಿಸಿದ್ದು ಬ್ರಿಜ್ ಅಲ್ಲ, ಅದಕ್ಕ ಮೊದಲ ನಡದ ಕಥಿ, ಅಲ್ಲಿನ ಪೊಲೀಸ್ರು ಇದು ಬ್ಯಾಡ ಅಂತ ಕೋರ್ಟಿಗಿ ಹೋಗಿದ್ರು, ಮೆರವಣಿಗಿ ಹಿಂದಿನ ದಿನ ಕೋರ್ಟು ನಡೀಲಿ ಬಿಡ್ರಿ ಅಂತು. ಅಂದ್ರ ಅಷ್ಟ್ ದೊಡ್ಡ ಊರಾಗೂ ಕಾಗದದ ತ್ರಾಸ ಇದ್ದೇ ಇತ್ತು. ಆಮ್ಯಾಲ ಆಗಸ್ಟ್ 22ಕ್ಕ ಗಾಜಾ ನಗರದ ಭಾಗದಾಗ ಬರಗಾಲ ಬಂದದ ಅಂತ ವಿಶ್ವಸಂಸ್ಥೆ ಬೆನ್ನಿಗಿರೋ ಐಪಿಸಿ ಅನ್ನೋ ತಜ್ಞರ ಸಂಸ್ಥಾ ಅಧಿಕೃತವಾಗಿ ಹೇಳ್ತು, ಐದ್ ಲಕ್ಷಕ್ಕೂ ಹೆಚ್ಚ್ ಮಂದಿ ಉಪವಾಸದ ಕಡೀ ಹಂತದಾಗ ಇದ್ದಾರ ಅಂತ. ಮಳಿ ಬರದ್ದಕ್ಕ ಬರಗಾಲ ಬರೋದು ನಮ್ಮ ಭಾಗದವರಿಗಿ ಯಾರೂ ಹೇಳಿಕೊಡೋದು ಬ್ಯಾಡ, ಆದ್ರ ಗಡಿ ಆಚಿ ಲಾರಿಯಾಗ ಹಿಟ್ಟು ತುಂಬಿ ನಿಂತಿರೋವಾಗ ಬರೋ ಬರಗಾಲ ಎಂಥಾದ್ದು ಅಂತ ಕಾಕಾ ಕೇಳಿದ್ರು, ಯಾರ ಹತ್ರಾನೂ ಜವಾಬ್ ಇರಲಿಲ್ಲ. ಅವತ್ತ ರಾತ್ರಿನೇ ಆತು, ಏನರೆ ಮಾಡೋಣ ಅಂತ.

ಏನರೆ ಅಂದ್ರ ಏನು ಅನ್ನೋದ್ರಾಗೇ ಮೊದಲ ಜಗಳ. ಹುಡುಗ್ರು ಮೇಣಬತ್ತಿ ಅಂದ್ರು, ದರ್ಜಿ ಭಾಯ್ ದೊಡ್ಡ ಜಲ್ಸಾ ಅಂದ್ರು, ವಕೀಲ ಮೇಡಂ ಡಿಸಿ ಆಫೀಸ್ ಮುಂದ ಅರ್ಧಾ ತಾಸು ಕುಂತು ಮನವಿ ಕೊಟ್ಟು ಬರೋಣ ಸಾಕು ಅಂದ್ರು. ಕೊನಿಗಿ ಮೌನವಾಗಿ ಅಲ್ಲ, ಘೋಷಣಾ ಕೂಗಿಕೋತ, ಆದ್ರ ಸಾಲಾಗಿ ನಡದು ಹೋಗಿ ರಾಷ್ಟ್ರಪತಿಗಳಿಗಿ ಡಿಸಿ ಮುಖಾಂತರ ಮನವಿ ಕೊಡೋದು ಅಂತ ಆತು.

ಈಗ ಕಾಗದದ ಮಾತಿಗಿ ಬರ್ತೀನಿ, ಗಟ್ಟಿ ಓದ್ರಿ. ಸಂಘ ರಿಜಿಸ್ಟರ್ ಆಗಿರಬೇಕು ಅಂತ ಎಲ್ಲರೂ ನಮಗ ಹೆದರಿಸಿದ್ರು, ನಮ್ಮದು ಏನೂ ಇಲ್ಲ, ವೈಯಕ್ತಿಕವಾಗಿ ಐದ್ ಮಂದಿ ಸಹಿ ಹಾಕಿ ಅರ್ಜಿ ಕೊಟ್ವಿ, ನಡೀತು. ಕಲಬುರಗಿ ಸಿಟಿಗಿ ಪೊಲೀಸ್ ಕಮಿಷನರ್ ಇರೋದರಿಂದ ಅರ್ಜಿ ಅವರ ಹೆಸರಿಗಿ ಬರೀಬೇಕು, ಬೀದರ್, ಯಾದಗಿರಿದಾಗ ಕಮಿಷನರೇಟ್ ಇಲ್ಲ, ನೀವು ಎಸ್‌ಪಿ ಸಾಹೇಬ್ರ ಹೆಸರಿಗಿ ಬರದು ಕಾಪಿ ಠಾಣೆಗಿ ಕೊಡ್ರಿ. ಅರ್ಜಿದಾಗ ಇರಬೇಕಾದ್ದು ಇಷ್ಟು: ಯಾವ ತಾರೀಖು, ಎಷ್ಟಕ್ಕ ಶುರು ಎಷ್ಟಕ್ಕ ಮುಗಿತದ, ಎಲ್ಲಿಂದ ಎಲ್ಲಿ ತನ ಯಾವ ರಸ್ತಾ, ಅಂದಾಜು ಎಷ್ಟ್ ಮಂದಿ, ಗಾಡಿ ಎಷ್ಟು, ಮೈಕ್ ಇರ್ತದೋ ಇಲ್ಲೋ, ಜವಾಬ್ದಾರಿ ಯಾರದು, ಅವರ ಆಧಾರ್ ಜೆರಾಕ್ಸ್, ಫೋನ್ ನಂಬರ್. ರಸ್ತಾದ ನಕ್ಷಾ ಕೈಲಿಂದ ತೆಗದು ಹಚ್ಚಿದ್ರ ಭಾಳ ಛಲೋ, ನಮ್ಮ ಹುಡುಗ ಒಬ್ಬ ಸ್ಕೆಚ್ ಪೆನ್‌ದಿಂದ ತೆಗದಿದ್ದ, ಅದನ್ನೇ ನೋಡಿ ಸಾಹೇಬ್ರು ಎರಡ್ ನಿಮಿಷದಾಗ ಮಾತು ಮುಗಿಸಿದ್ರು, ಇಲ್ಲಂದ್ರ ಬಾಯಿಲೆ ಹೇಳಿ ಹೇಳಿ ಅರ್ಧಾ ತಾಸು ಹೋಗ್ತಿತ್ತು.

ಮೈಕಿಂದು ಬ್ಯಾರೆ ಅರ್ಜಿ. ಶಬ್ದ ಮಾಲಿನ್ಯದ ನಿಯಮ 2000ದ್ದು ಅದ, ರಾತ್ರಿ 10ರಿಂದ ಮುಂಜಾನಿ 6ರ ತನ ಮೈಕ್ ಹಚ್ಚಂಗಿಲ್ಲ ಅನ್ನೋದು ಎಲ್ಲರಿಗೂ ಗೊತ್ತದ, ಆದ್ರ ಹಗಲಿಗೂ ಲಿಖಿತ ಪರ್ಮಿಷನ್ ಬೇಕು, ದವಾಖಾನಿ, ಸಾಲಿ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅನ್ನೋದು ನಮಗ ಅಲ್ಲಿ ಹೋದ ಮ್ಯಾಲೇ ತಿಳೀತು. ರಸ್ತಾದಾಗ ಇಂಥಾ ಜಾಗ ಎಲ್ಲೆಲ್ಲಿ ಬರ್ತಾವ ಅಂತ ಮೊದಲೇ ನೋಡಿ, ಅಲ್ಲಿ ಮೈಕ್ ಬಂದ್ ಇಡ್ತೀವಿ ಅಂತ ನೀವಾಗೇ ಬರೀರಿ, ಅವರು ಕೇಳೋಕಿಂತ ಮೊದಲ. ಸ್ಟೇಜು, ಶಾಮಿಯಾನ ಹಾಕೋದಿದ್ರ ಮಹಾನಗರ ಪಾಲಿಕಿ ಕಾಗದ ಬ್ಯಾರೆ.

ಅರ್ಜಿ ಕೊಡೋವಾಗ ಎರಡ್ ಕಾಪಿ ಒಯ್ರಿ. ಟಪಾಲ್‌ದಾಗ ಕೊಟ್ಟು ನಿಮ್ಮ ಕಾಪಿ ಮ್ಯಾಲ ಸಿಕ್ಕಾ, ತಾರೀಖು, ಇನ್ವರ್ಡ್ ನಂಬರ್ ಹಾಕಿಸ್ಕೊಳ್ದೆ ಅಲ್ಲಿಂದ ಒಂದ್ ಹೆಜ್ಜಿ ಕದಲಬ್ಯಾಡ್ರಿ. ವಕೀಲ ಮೇಡಂ ಇದನ್ನ ಹಟ ಹಿಡದು ಮಾಡಿಸಿದ್ರು, ಆಮ್ಯಾಲ ಎಲ್ಲಿ ಹೋದ್ರೂ ಆ ನಂಬರ್ ಹೇಳಿದ್ರ ಫೈಲ್ ಸಿಗ್ತಿತ್ತು, ನಂಬರ್ ಇಲ್ಲದೆ ಬಂದ ನಮ್ಮ ಪಕ್ಕದ ಮನಷ್ಯಾ ಒಬ್ರು ಯಾವುದೋ ಜಾತ್ರಿ ಪರ್ಮಿಷನ್‌ಗಿ ಬೆಂಚ್ ಮ್ಯಾಲೇ ನಿದ್ದಿ ಹೊಡೀಲತ್ತಿದ್ರು ಪಾಪ.

ಇನ್ನ ತಾರೀಖಿನ ಗೋಳು. ನಮ್ಮ ಊರಾಗ ಆಗಸ್ಟ್ ಕೊನಿಲಿಂದ ಅಕ್ಟೋಬರ್ ತನ ಪೊಲೀಸ್ರಿಗಿ ಉಸುರು ಬಿಡ್ಲಿಕ್ಕ ಟೈಮ್ ಇರಲ್ಲ, ಇದು ಮೊದಲೇ ತಲಿಗಿ ಹಾಕ್ಕೊಳ್ರಿ. ಗಣಪತಿ ವಿಸರ್ಜನಿ, ಅದರ ಜೋಡಿನೇ ಈದ್ ಮಿಲಾದ್, ಸೆಪ್ಟೆಂಬರ್ 17ಕ್ಕ ಕಲ್ಯಾಣ ಕರ್ನಾಟಕ ಉತ್ಸವ, ಆವಾಗ ಮುಖ್ಯಮಂತ್ರಿ ಊರಿಗಿ ಬರ್ತಾರ. ಯಾವಾಗ ಕೇಳಿದ್ರೂ ಬಂದೋಬಸ್ತ್ ಅದ, ಆಮ್ಯಾಲ ಬರ್ರಿ. ಇದಕ್ಕ ಅವರಿಗಿ ಬೈಯೋದಿಲ್ಲ ನಾ, ಖರೇನೇ ಬಂದೋಬಸ್ತ್ ಇತ್ತು. ಕಾಕಾ ಅಕ್ಟೋಬರ್ 2 ಗಾಂಧಿ ಜಯಂತಿಗಿ ಮಾಡೋಣ, ಯುದ್ಧ ಬ್ಯಾಡ ಅನ್ಲಿಕ್ಕ ಅದಕ್ಕಿಂತ ಛಲೋ ದಿನ ಯಾವದು ಅಂದ್ರು, ಎಲ್ಲರೂ ಹೌದ್ ಹೌದು ಅಂದ್ವಿ, ಕ್ಯಾಲೆಂಡರ್ ನೋಡಿದ್ರ ಅವತ್ತೇ ವಿಜಯದಶಮಿ. ಬನ್ನಿ ಕೊಡೋ ದಿನ ಮೆರವಣಿಗಿಗಿ ಯಾರ್ ಬರ್ತಾರ, ಪೊಲೀಸ್ರು ತಾನೇ ಹ್ಯಾಂಗ ಒಪ್ತಾರ.

ಭಾನುವಾರ ಮಾಡಿದ್ರ ಮಂದಿ ಬರ್ತಾರ, ಆದ್ರ ಮನವಿ ತಗೋಳ್ಲಿಕ್ಕ ಆಫೀಸ್‌ದಾಗ ಯಾರೂ ಇರಲ್ಲ. ಕೆಲಸದ ದಿನ ಮಾಡಿದ್ರ ಸಾಹೇಬ್ರು ಇರ್ತಾರ, ಮಂದಿ ಇರಲ್ಲ. ಇದಕ್ಕ ನನ್ನ ಸಲಹಾ ಏನಂದ್ರ ಶನಿವಾರ ಹಿಡೀರಿ, ಆದ್ರ ಎರಡನೇ ಶನಿವಾರ, ನಾಲ್ಕನೇ ಶನಿವಾರ ಸರ್ಕಾರಿ ರಜಾ, ಅವ ಬಿಟ್ಟು. ನಮಗ ಅಕ್ಟೋಬರ್ 4 ಮೊದಲನೇ ಶನಿವಾರ ಸಿಕ್ಕಿತು. ಆದ್ರೂ ನಂಬಿಕೊಂಡಿದ್ದ ಮಾಸ್ತರ್ರು ಮಾಸ್ತರಬಾಯಿಗಳು ಯಾರೂ ಬರಲಿಲ್ಲ, ಸೆಪ್ಟೆಂಬರ್ 22ರಿಂದ ಜಾತಿ ಸಮೀಕ್ಷಾ ಶುರು ಆಗಿತ್ತು, ಎಲ್ಲರೂ ಮನಿ ಮನಿ ತಿರಗ್ಲತ್ತಿದ್ರು. ಸರ್ಕಾರಿ ನೌಕರರಿಗಿ ಹಂಗೂ ನಡತಿ ನಿಯಮ ಅಡ್ಡ ಬರ್ತದ, ಅವರಿಗಿ ಒತ್ತಾಯ ಮಾಡಬ್ಯಾಡ್ರಿ, ಮನಿಯಾಗ ಕುಂತು ಬ್ಯಾನರ್ ಬರಕೊಟ್ರ ಸಾಕು.

ಠಾಣೆಗಿ ಮಾತಾಡ್ಲಿಕ್ಕ ಕರದಾಗ ಕೇಳಿದ ಮೊದಲ ಪ್ರಶ್ನಿನೇ ಪ್ಯಾಲೆಸ್ಟೈನ್ ಝಂಡಾ ಹಿಡೀತಿರೇನು ಅಂತ. ಎರಡನೇದು, ಯಾರ ಯಾರ ಹೆಸರಿಗಿ ಮುರ್ದಾಬಾದ್ ಅಂತೀರಿ. ಮೂರನೇದು ಪ್ರತಿಕೃತಿ ಸುಡ್ತೀರೇನು. ನಾವು ಮೂರಕ್ಕೂ ಇಲ್ಲ ಅಂದ್ವಿ. ಹುಡುಗ್ರಿಗಿ ಇದು ಸಿಟ್ಟು ತರಿಸ್ತು, ಅದರಾಗೂ ಝಂಡಾದ ವಿಷಯ, ಸಿಡ್ನಿದಾಗ ಹಿಡದ್ರು ಲಂಡನ್‌ದಾಗ ಹಿಡದ್ರು ನಮಗ್ಯಾಕ ಬ್ಯಾಡ ಅಂತ ಒಂದ್ ರಾತ್ರಿ ಪೂರಾ ಗ್ರೂಪಿನಾಗ ಹೊಡದಾಟ, ಇಬ್ರು ಗ್ರೂಪ್ ಬಿಟ್ಟೂ ಹೋದ್ರು. ನನಗ ಅನಸಿದ್ದು ಹೇಳ್ತೀನಿ. ಝಂಡಾ ಹಿಡಿಯೋದು ತಪ್ಪು ಅಂತ ಅಲ್ಲ. ಆದ್ರ ನಮ್ಮ ಊರಾಗ ಒಂದ್ ಝಂಡಾ ಎದ್ದ ಕೂಡ್ಲೇ ಮರುದಿನ ಮಾತೆಲ್ಲ ಝಂಡಾದ ಮ್ಯಾಲೇ ಆಗ್ತದ, ಹಸದ ಮಕ್ಕಳ ಮ್ಯಾಲ ಆಗಲ್ಲ. ಅದಕ್ಕ ಬಿಳಿ ರಿಬ್ಬನ್ ಒಂದೇ, ಎಲ್ಲರ ತೋಳಿಗೂ.

ಮನವಿ ಬರಿಯೋದ್ರಾಗ ಇನ್ನೊಂದ್ ಜಗಳ. 2023ರ ಅಕ್ಟೋಬರ್ 7ಕ್ಕ ಹಮಾಸ್ ದಾಳಿದಾಗ ಇಸ್ರೇಲ್‌ದಾಗ ಸತ್ತ ಸುಮಾರು 1,200 ಮಂದಿ, ಹಿಡಕೊಂಡು ಹೋದ ಒತ್ತೆಯಾಳುಗಳು, ಅದನ್ನ ಬರೀಬೇಕೋ ಬ್ಯಾಡೋ. ಕಾಕಾ ಬರೀಲೇಬೇಕು, ಸತ್ತವರದಾಗ ನಮ್ಮವರು ಅವರವರು ಅಂತ ಇಲ್ಲ ಅಂದ್ರು. ಕೆಲವರು, ಗಾಜಾದಾಗ 60,000ಕ್ಕ ಮ್ಯಾಲ ಹೋಗ್ಯಾರ ಅಂತ ಅಲ್ಲಿನ ಆರೋಗ್ಯ ಇಲಾಖೆ ಹೇಳ್ಲತ್ತದ, ಎರಡೂ ಒಂದೇ ತಕ್ಕಡಿಗಿ ಹಾಕ್ತೀರೇನು ಅಂದ್ರು. ಇದು ಬಗೆಹರದಿದ್ದು ವಕೀಲ ಮೇಡಂ ಟೆಲ್ ಅವೀವ್‌ದ ಸುದ್ದಿ ತೋರಸಿದಾಗ. ಆಗಸ್ಟ್ 17ಕ್ಕ ಒತ್ತೆಯಾಳುಗಳ ಮನಿಯವರೇ ದೇಶ ತುಂಬ ಹರತಾಳ ಕರದು ಬೀದಿಗಿ ಬಂದಿದ್ರು, ಯುದ್ಧ ನಿಲ್ಲಸ್ರಿ, ನಮ್ಮ ಮಕ್ಕಳಿಗಿ ವಾಪಸ್ ತರ್ರಿ ಅಂತ. ಅಂದ್ರ ಆ ಯುದ್ಧ ಅಲ್ಲಿನ ಎಷ್ಟೋ ಮಂದಿಗೇ ಬ್ಯಾಡಾಗಿತ್ತು. ಅವರು ಕೇಳೋದೂ ನಾವು ಕೇಳೋದೂ ಒಂದೇ ಅದಲ್ಲ ಅಂತ ಭಾಯ್ ಅಂದ್ರು, ಅಲ್ಲಿಗಿ ಮುಗೀತು. ಯುದ್ಧ ನಿಲ್ಲಬೇಕು, ಒತ್ತೆಯಾಳುಗಳು ಮನಿಗಿ ಹೋಗಬೇಕು, ಅನ್ನ ಔಷಧಿ ಒಳಗ ಹೋಗಬೇಕು, ಭಾರತ ಸರ್ಕಾರ ಇದಕ್ಕ ಗಟ್ಟಿಯಾಗಿ ದನಿ ಎತ್ತಬೇಕು. ಸರ್ಕಾರಕ್ಕ ಬೈಯೋದು ಹೊಗಳೋದು ಎರಡೂ ಲೆಕ್ಕ ಇಟ್ಟು ಬರದ್ವಿ: ಜೂನ್ 12ಕ್ಕ ವಿಶ್ವಸಂಸ್ಥೆದಾಗ ಕದನವಿರಾಮದ ಠರಾವಿಗಿ 149 ದೇಶ ಹೌದು ಅಂದಾಗ ಭಾರತ ಮತ ಹಾಕದೆ ಉಳೀತು, ಸೆಪ್ಟೆಂಬರ್ 12ಕ್ಕ ಎರಡ್ ರಾಷ್ಟ್ರದ ಪರಿಹಾರದ ಠರಾವಿಗಿ 142 ದೇಶದ ಜೋಡಿ ಹೌದು ಅಂತು, 1988ರಾಗೇ ಪ್ಯಾಲೆಸ್ಟೈನ್‌ಗಿ ಮಾನ್ಯತೆ ಕೊಟ್ಟ ದೇಶ ನಮ್ಮದು. ಮನವಿದಾಗ ಹಿಂಗ ತಾರೀಖು ನಂಬರ್ ಇದ್ರ ತಗೋಳೋ ಅಧಿಕಾರಿನೂ ಕಣ್ಣಿಟ್ಟು ಓದ್ತಾನ, ಒಣಾ ಭಾಷಣ ಇದ್ರ ಸಿಕ್ಕಾ ಹೊಡದು ಒಗಿತಾನ.

ರಸ್ತಾ ಬದಲಾಗಿದ್ದೂ ಹೇಳಬೇಕು. ಮೊದಲ ನಾವು ಹಾಕಿದ್ದು ಮುಸ್ಲಿಂ ಚೌಕ್‌ದಿಂದ ಶುರು. ಅದನ್ನ ಬ್ಯಾಡ ಅಂದಿದ್ದು ಪೊಲೀಸ್ರಲ್ಲ, ದರ್ಜಿ ಭಾಯ್. ಅಲ್ಲಿಂದ ಹೊಂಟ್ರ ಇದು ನಮ್ಮ ಮಂದಿ ಮೆರವಣಿಗಿ ಅಂತ ಆಗ್ತದ ಸಾಬ್, ಜಗತ್‌ದಿಂದ ಹೊಂಟ್ರ ಊರಿಂದು ಆಗ್ತದ, ಅಂಬೇಡ್ಕರ್ ಮೂರ್ತಿ ಮುಂದ ಎಲ್ಲರೂ ಬಂದು ನಿಂದರ್ತಾರ ಅಂದ್ರು. ಅವರು ಹೇಳಿದ್ದು ನೂರಕ್ಕ ನೂರು ಖರೇ ಆತು.

ಇಷ್ಟೆಲ್ಲ ಆಗಿ ಎಲ್ಲಾ ಸೇರಿ ಬರ್ಲತ್ತದ ಅನ್ನೋವಾಗ ಭೀಮಾ ಉಕ್ಕಿತು. ಸೆಪ್ಟೆಂಬರ್ ಕೊನಿಗಿ ಮಹಾರಾಷ್ಟ್ರದ ಡ್ಯಾಮಿನ ನೀರು ಬಿಟ್ಟು, ಮ್ಯಾಲಿಂದ ಮಳಿ, ಅಫಜಲಪುರ ಜೇವರ್ಗಿ ಕಡಿ ಹಳ್ಳಿಗಳಿಗಿ ನೀರು ನುಗ್ಗಿ ಮಂದಿ ಕಾಳಜಿ ಕೇಂದ್ರದಾಗ ಬಂದು ಕುಂತ್ರು, ತೊಗರಿ, ಹತ್ತಿ ಹೊಲದಾಗೇ ಕೊಳತು ಹೋತು. ನಮ್ಮ ಮಿಲ್ಲಿನ ಸಾವಕಾರ್ರು ನೇರ ಕೇಳಿದ್ರು, ನಿನ್ನ ಊರಿನ ಮಂದಿ ಮುಳುಗ್ಲತ್ತಾರ, ನೀ ಯಾವ ದೇಶದ ಮಂದಿಗಿ ಅಳ್ಲತ್ತಿದಿ ಅಂತ. ಈ ಮಾತು ಎಲ್ಲಾ ಕಡಿಯಿಂದ ಬಂತು, ಮನಿಯಾಗೂ ಬಂತು. ಖರೇ ಹೇಳ್ಬೇಕಂದ್ರ ಆ ವಾರ ನಂಗೂ ಎಲ್ಲಾ ಬಿಟ್ಟು ಬಿಡೋಣ ಅನಸಿತ್ತು. ಕಾಕಾ ಒಬ್ರೇ ಅಲ್ಲಾಡಲಿಲ್ಲ, ಅವರಿಗಿ ಕಂಬಳಿ ಕೊಡೋಣ, ಇವರಿಗಿ ದನಿ ಕೊಡೋಣ, ಒಂದ್ ಕೈಯಾಗ ಎರಡೂ ಹಿಡಿಲಿಕ್ಕ ಆಗಲ್ಲ ಅಂದ್ರ ಎರಡ್ ಕೈ ಯಾಕ ಕೊಟ್ಟಾನ ಅಂದ್ರು. ಸ್ಟೇಜು ಶಾಮಿಯಾನ ಕ್ಯಾನ್ಸಲ್ ಮಾಡಿದ್ವಿ, ಅದಕ್ಕ ಅಂತ ಎತ್ತಿಟ್ಟ 6,000 ರೂಪಾಯಿಗಿ ಚಾದರ ತಗೊಂಡು ಹುಡುಗ್ರು ಜೇವರ್ಗಿ ಕಡಿ ಒಯ್ದು ಕೊಟ್ಟು ಬಂದ್ರು. ಲಾಭ ಅನ್ನಬಾರದು, ಆದ್ರ ಶಾಮಿಯಾನ ಹೋದ ಮ್ಯಾಲ ಪಾಲಿಕಿ ಕಾಗದದ ಕೆಲಸಾನೂ ಹೋತು.

ತೊಂದರಿ ಏನಾತಂದ್ರ ಅಧಿಕಾರಿಗಳೆಲ್ಲ ನೆರಿ ಡ್ಯೂಟಿ ಮ್ಯಾಲ. ಫೈಲ್ ಮುಂದ ಹೋಗವಲ್ದು. ರಸ್ತಾ ಎರಡ್ ಠಾಣೆ ಹದ್ದಿನಾಗ ಬರ್ತದ, ಎರಡೂ ಕಡಿಯಿಂದ ವರದಿ ಬರಬೇಕು, ಟ್ರಾಫಿಕ್‌ನವರ ಅಭಿಪ್ರಾಯ ಬ್ಯಾರೆ ಬರಬೇಕು, ಒಂದ್ ಕಡಿ ಸಹಿ ಆದ್ರ ಇನ್ನೊಂದ್ ಕಡಿ ಸಾಹೇಬ್ರು ಇಲ್ಲ. ಬೆಂಚಿನ ಮ್ಯಾಲ ಕುಂತು ಕುಂತು ರೈಟರ್ ಸಾಹೇಬ್ರ ಮಗಳ ಮದಿವಿ ತನ ಮಾತಾಡಿ ಮುಗಸೀನಿ. ಆವಾಗ ಮೇಡಂ ಒಂದ್ ಪುಟದ ಕಾಗದ ಬರದು ಕೊಟ್ರು, ಸಂವಿಧಾನದ 19(1)(ಬಿ) ಪ್ರಕಾರ ಆಯುಧ ಇಲ್ಲದೆ ಶಾಂತವಾಗಿ ಸೇರೋ ಹಕ್ಕು ಅದ, ಸುಪ್ರೀಂ ಕೋರ್ಟ್ 1972ರಾಗ ಹಿಮ್ಮತ್‌ಲಾಲ್ ಶಾ ಕೇಸಿನಾಗ ಬೀದಿಯಾಗ ಸಭಾ ನಡಸೋದಕ್ಕ ಸರ್ಕಾರ ನಿಯಮ ಹಾಕಬಹುದು, ಪೂರ್ತಿ ಬಂದ್ ಮಾಡ್ಲಿಕ್ಕ ಬರಲ್ಲ ಅಂದದ ಅಂತ. ಇದನ್ನ ಝಗಳಾಡ್ಲಿಕ್ಕ ಅಲ್ಲ, ಅರ್ಜಿ ಜೋಡಿ ಮೆತ್ತಗ ಪಿನ್ ಹೊಡದು ಇಡ್ರಿ. ಊರಾಗ ನಿಷೇಧಾಜ್ಞೆ ಅದ ಏನು ಅನ್ನೋದೂ ಹಿಂದಿನ ದಿನ ಕೇಳ್ಕೊಳ್ರಿ, ಮೊದಲ 144 ಅಂತಿದ್ವಿ, ಈಗ 2024ರ ಜುಲೈಲಿಂದ ಹೊಸ ಕಾನೂನಿನಾಗ ಅದು 163 ಆಗ್ಯದ, ಅದು ಜಾರಿ ಇದ್ರ ನಿಮ್ಮ ಕೈಯಾಗ ಪರ್ಮಿಷನ್ ಇದ್ರೂ ಮುಂದ ಹೋಗಬ್ಯಾಡ್ರಿ.

ಕೊನಿಗಿ ಇ-ಸ್ಟಾಂಪ್ ಪೇಪರ್ ಮ್ಯಾಲ ಮುಚ್ಚಳಿಕಿ ಬರಸ್ಕೊಂಡ್ರು, ಏನರೆ ಹಾನಿ ಆದ್ರ ನಾವೇ ಜವಾಬ್ದಾರ್ರು ಅಂತ, ಐದೂ ಮಂದಿ ಸಹಿ. ಸಹಿ ಹಾಕೋವಾಗ ಕೈ ನಡಗಿತು, ಸುಳ್ಳ್ಯಾಕ ಹೇಳಲಿ. ಮೆರವಣಿಗಿ ಹಿಂದಿನ ದಿನ ಸಂಜಿ ಪರ್ಮಿಷನ್ ಕೈಗಿ ಬಂತು, ಮುಂಜಾನಿ 10:30ರಿಂದ 1 ಗಂಟಿ ತನ, ರಸ್ತಾದ ಎಡಬದಿ ಅಷ್ಟೇ, ಒಂದ್ ಮೈಕ್ ಆಟೋ, ಒಂದಿಷ್ಟ್ ಷರತ್ತು. ಆ ಕಾಗದದ ಹತ್ತ್ ಜೆರಾಕ್ಸ್ ಮಾಡಿ ಪ್ರತಿ ಸ್ವಯಂಸೇವಕನ ಕಿಸೆದಾಗ ಒಂದೊಂದು ಇಡ್ರಿ, ದಾರಿಯಾಗ ಹೊಸ ಪೊಲೀಸಪ್ಪ ಬಂದು ಕೇಳ್ತಾನ, ಆಟೋದವನ ಹತ್ರಾನೂ ಒಂದ್ ಇರಲಿ.

ಹೆದರಿಕಿ ಬಗ್ಗೆ ಒಂದ್ ಮಾತು. ನಮ್ಮ ಕಡಿ ಮನಿಗೊಬ್ರು ಸೌದಿ, ದುಬೈ ಅಂತ ಹೋಗೋರು ಇದ್ದಾರ. ಎಫ್‌ಐಆರ್‌ದಾಗ ಹೆಸರು ಬಂದ್ರ ಪಾಸ್‌ಪೋರ್ಟ್ ವೆರಿಫಿಕೇಷನ್‌ದಾಗ ತೊಡಕಾಗ್ತದ ಅನ್ನೋ ಅಂಜಿಕಿ ಭಾಳ. ಭಾಯ್ ಅವರ ಮಗನ ಪಾಸ್‌ಪೋರ್ಟ್ ಆವಾಗೇ ವೆರಿಫಿಕೇಷನ್‌ದಾಗ ಇತ್ತು, ಅವನಿಗಿ ಮನಿಯಾಗೇ ಕುಂದ್ರು ಅಂತ ಹೇಳಿ ತಾವು ಮುಚ್ಚಳಿಕಿಗಿ ಸಹಿ ಹಾಕಿದ್ರು. ನನ್ನ ಮಗನ ಪಾಲಿನ ಕೂಗೂ ನಾನೇ ಕೂಗ್ತೀನಿ ಅಂದ್ರು. ಯಾರು ಬರಲ್ಲ ಅಂತಾರೋ ಅವರಿಗಿ ಅಂಜುಬುರುಕ ಅನ್ನಬ್ಯಾಡ್ರಿ, ಅವರವರ ಮನಿ ಕಷ್ಟ ಅವರವರಿಗಿ.

ಅಕ್ಟೋಬರ್ 4, ಶನಿವಾರ. 10:30ಕ್ಕ ಜಗತ್ ಸರ್ಕಲ್‌ದಾಗ ನಾವು ಎಷ್ಟ್ ಮಂದಿ ಇದ್ವೋ ಅದಕ್ಕಿಂತ ಪೊಲೀಸ್ರೇ ಜಾಸ್ತಿ ಇದ್ರು. ಹೊಟ್ಟಿಯಾಗ ತಳಮಳ. ಸುಸಲಾ ಮಿರ್ಚಿ ಗಾಡಿಯವ ಇವತ್ತ ಏನ್ರಿ ಬಂದಾ? ಅಂತ ಕೇಳ್ದ. 11ರ ಮ್ಯಾಲ ಮಂದಿ ಬರ್ಲಿಕ್ಕ ಶುರು ಆದ್ರು, ರೋಜಾ ಕಡಿ ಹೆಣ್ಮಕ್ಕಳು, ಬ್ರಹ್ಮಪುರ ಕಡಿ ಹೆಣ್ಮಕ್ಕಳು, ಕಾಲೇಜ್ ಹುಡುಗಿಯರು, ಕೂಲಿ ಸಂಘದವರು, ಒಬ್ರು ಸ್ವಾಮೇರು, ಚರ್ಚಿನವರು ನಾಕ್ ಮಂದಿ, ಬಾಬಾಸಾಹೇಬ್ರ ಫೋಟೋ ಹಿಡಕೊಂಡು ಬಂದ ಮುದುಕಿ ಒಬ್ಬಾಕಿ, ಟ್ರ್ಯಾಕ್ಟರ್ ತರ್ತೀವಿ ಅಂದ ರೈತರು ಬರಲಿಲ್ಲ, ಅವರ ಊರೇ ನೀರಾಗ ಇತ್ತು. ಟೈಮ್ ಬರಿಯೋವಾಗ ನಮ್ಮ ಊರಿನ ಟೈಮ್ ಲೆಕ್ಕಾ ಹಿಡದು ಒಂದ್ ತಾಸು ಜಾಸ್ತಿ ಬರದು ಇಡ್ರಿ, 10:30 ಅಂದ್ರ 11:30.

ಸಾಲಿನ ವ್ಯವಸ್ಥಾ ಹಿಂಗಿತ್ತು: ಮುಂದ ಬ್ಯಾನರ್, ಅದರ ಹಿಂದ ಹೆಣ್ಮಕ್ಕಳು, ನಡಕ ಮೈಕ್ ಆಟೋ, ಎರಡೂ ಬದಿಗಿ ರಿಬ್ಬನ್ ಜೋಡಿ ಹಸಿರು ಟೋಪಿ ಹಾಕಿದ ಹುಡುಗ್ರು ಹಗ್ಗ ಹಿಡಕೊಂಡು, ಕೊನಿಗಿ ಇಬ್ರು ಗೋಣಿಚೀಲ ಹಿಡಕೊಂಡು ನೀರಿನ ಪಾಕೀಟ್ ಆರಸ್ಕೋತ. ಘೋಷಣಾ ಕೂಗೋ ಹಕ್ಕು ಮೈಕ್ ಹಿಡದವರಿಗಿ ಮಾತ್ರ, ಘೋಷಣಾ ಪಟ್ಟಿ ಮೊದಲೇ ಪ್ರಿಂಟ್ ಮಾಡಿ ಒಂದ್ ಕಾಪಿ ಠಾಣೆಗೂ ಕೊಟ್ಟಿದ್ವಿ. ಯುದ್ಧ ನಿಲ್ಲಲಿ, ಅನ್ನ ಹೋಗಲಿ. ಮಕ್ಕಳು ಮಕ್ಕಳೇ, ಎಲ್ಲಿ ಇದ್ದರೇನು. ಇಂಥಾವ. ಬ್ಯಾನರ್ ಫ್ಲೆಕ್ಸ್ ಮಾಡಿಸಬ್ಯಾಡ್ರಿ, ಅದಕ್ಕ ನಿಷೇಧ ಅದ, ದಂಡ ಬೀಳ್ತದ, ಬಟ್ಟಿ ಮ್ಯಾಲ ಪೇಂಟರ್ ಕಡಿಯಿಂದ ಬರಸ್ರಿ, ಮಳಿ ಬಂದ್ರ ಬಣ್ಣ ಇಳೀತದ ಅದಕ್ಕ ಆಯಿಲ್ ಪೇಂಟ್ ಅಂತ ಹೇಳ್ರಿ. ನಮ್ಮದು ಮೊದಲನೇ ಸಲ ಪೇಂಟರ್ ಶಾಂತಿ ಬದಲಿ ಶಾಂತ ಅಂತ ಬರದು ಶಾಂತಮ್ಮನ ಮೆರವಣಿಗಿ ಆಗಿತ್ತು, ರಾತ್ರೋರಾತ್ರಿ ಗುಡಸು ಹಾಕಿಸ್ಕೊಂಡು ಬಂದ್ವಿ.

ಎಸ್‌ವಿಪಿ ಸರ್ಕಲ್ ಹತ್ರ ಬಂದಾಗ ನಾ ಅಂಜಿದ್ದು ಆತು. ಎಲ್ಲಿಂದೋ ಬೈಕ್ ಮ್ಯಾಲ ಹತ್ತ್ ಹನ್ನೆರಡ್ ಹುಡುಗ್ರು ಬಂದು ಸಾಲಿನಾಗ ಹೊಕ್ಕು ತಮ್ಮದೇ ಘೋಷಣಾ ಶುರು ಮಾಡಿದ್ರು, ಒಂದ್ ಧರ್ಮದ ಮಂದಿಗಿ ಬೈಯೋವು, ಊರಿನ ಲೀಡರ್‌ಗೂ ಸೇರಿಸಿ. ಅವರು ಯಾರ್ ಕಳಸಿದವರೋ, ತಾವಾಗೇ ಬಂದವರೋ ನಾ ಹೇಳಲಾರೆ. ಪೊಲೀಸ್ರು ಲಾಠಿ ಸರಿ ಮಾಡ್ಕೊಂಡಿದ್ದು ಕಂಡಿತು. ಆವಾಗ ಕಾಕಾ ಮಾಡಿದ್ದು ನೀವೂ ಕಲಿಯೋ ಹಂಗ ಅದ: ಸೀದಾ ನಡು ರಸ್ತಾದಾಗ ಕುಂತುಬಿಟ್ರು. ಮೈಕ್ ಹಿಡದ ಹುಡುಗಿ ಎಲ್ಲರೂ ಕುಂದರ್ರಿ ಅಂದ್ಲು. ಹಿಂದಿನವರೆಲ್ಲ ದಡಬಡ ಕುಂತ್ರು, ಮೈಕ್ ಬಂದ್. ನಿಂತವರು ಆ ಬೈಕಿನ ಹುಡುಗ್ರು ಅಷ್ಟೇ, ನೂರಾರು ಮಂದಿ ಸುಮ್ಮ ಕುಂತು ಅವರ ಮಾರಿ ನೋಡ್ಲಿಕ್ಕ ಹತ್ತಿದ್ರು. ಎರಡ್ ಸಲ ಕೂಗಿದ್ರು, ಮೂರನೇ ಸಲ ದನಿನೇ ಹೊಂಡಲಿಲ್ಲ, ಗಾಡಿ ಚಾಲೂ ಮಾಡಿ ಹೋದ್ರು. ಇದನ್ನ ಹಿಂದಿನ ದಿನ ಹುಡುಗ್ರಿಗಿ ಕಾಕಾ ಕಾಲೇಜ್ ಗ್ರೌಂಡಿನಾಗ ಪ್ರಾಕ್ಟೀಸ್ ಮಾಡಿಸಿದ್ರು, ನಾವು ನಕ್ಕಿದ್ವಿ ಆವಾಗ, ಆದ್ರ ಪ್ರಾಕ್ಟೀಸ್ ಇಲ್ಲದೆ ಇದು ಆಗಲ್ಲ, ಒಬ್ರು ಕುಂತು ಇನ್ನೊಬ್ರು ನಿಂತ್ರ ಕಾಲ್ತುಳಿತ ಆಗ್ತದ. ಮತ್ತ ಕಾಕಾಗ ಎಬ್ಬಸ್ಲಿಕ್ಕ ಇಬ್ರು ಬೇಕಾದ್ರು, ಮಣಕಾಲು ನೋವು. ಅದೇ ಹೊತ್ತಿಗಿ ಆಂಬುಲೆನ್ಸ್ ಬಂತು, ಹಗ್ಗದ ಹುಡುಗ್ರು ಒಂದ್ ಬದಿ ಬಿಟ್ಟು ದಾರಿ ಮಾಡಿದ್ರು, ಬಂದೋಬಸ್ತಿಗಿ ಬಂದ ಇನ್ಸ್‌ಪೆಕ್ಟರ್ ಸಾಹೇಬ್ರು ಅದನ್ನ ನೋಡಿದ ಮ್ಯಾಲ ಮಾತಿನ ಧಾಟಿನೇ ಬದಲಾತು.

ಡಿಸಿ ಆಫೀಸ್ ಮುಟ್ಟೋದ್ರಾಗ ಮಳಿ ಹನಿ. ಡಿಸಿ ಮೇಡಂ ನೆರಿ ಹಳ್ಳಿಗಳಿಗಿ ಹೋಗಿದ್ರು, ಅದು ಅವರ ಕೆಲಸಾನೇ, ನಮಗ ಬ್ಯಾಸರ ಏನಿಲ್ಲ. ಬ್ಯಾರೆ ಅಧಿಕಾರಿ ಒಬ್ರು ಹೊರಗ ಬಂದು ಮನವಿ ತಗೊಂಡ್ರು, ಸಿಕ್ಕಾ ಹಾಕಿಸ್ಕೊಂಡ್ವಿ. ಯಾರು ತಗೋತಾರ ಅನ್ನೋದು ಹಿಂದಿನ ದಿನ ಫೋನ್ ಮಾಡಿ ಕೇಳಿ ಇಟ್ಕೊಳ್ರಿ, ಇಲ್ಲಂದ್ರ ಅಷ್ಟ್ ಮಂದಿ ಗೇಟ್ ಮುಂದ ನಿಂತು ಯಾರೂ ಬರದಿದ್ರ ಸಿಟ್ಟು ಅಲ್ಲೇ ಏಳ್ತದ, ಮೆರವಣಿಗಿ ಕೆಡೋದು ನಡಿಯೋವಾಗ ಅಲ್ಲ, ಗೇಟಿನ ಮುಂದ.

ಎಷ್ಟ್ ಮಂದಿ ಇದ್ರು ಅಂತ ಕೇಳ್ತೀರಿ. ಪೊಲೀಸ್ರು 250 ಅಂದ್ರು, ನಮ್ಮ ಹುಡುಗ್ರು ಸ್ಟೇಟಸ್‌ದಾಗ 1,000 ಹಾಕಿದ್ರು. ಇದು ಎಲ್ಲಾ ಕಡಿ ನಡಿಯೋದೇ, 2003ರ ಫೆಬ್ರವರಿ 15ಕ್ಕ ಇರಾಕ್ ಯುದ್ಧ ಬ್ಯಾಡ ಅಂತ ಜಗತ್ತಿನ 600ಕ್ಕೂ ಹೆಚ್ಚ್ ಊರಾಗ ಮಂದಿ ಇಳದಾಗ ಲಂಡನ್ ಒಂದ್ರಾಗೇ ಪೊಲೀಸ್ರು 7.5 ಲಕ್ಷ ಅಂದ್ರು, ನಡಸಿದವರು 20 ಲಕ್ಷದ ತನ ಹೇಳಿದ್ರು. ನಾ ಲೆಕ್ಕದ ಮನಷ್ಯಾ, 600 ರಿಬ್ಬನ್ ಕತ್ತರಿಸಿದ್ವಿ, ಸುಮಾರು 200 ಉಳದಾವ. ನೀವೇ ತಿಳ್ಕೊಳ್ರಿ.

ಖರ್ಚಿನ ಲೆಕ್ಕ ಕೇಳಿದವರಿಗಿ: ಬಟ್ಟಿ ಬ್ಯಾನರ್ ಪೇಂಟರ್ ಸೇರಿ 2,800, ಮೈಕ್ ಆಟೋ 3,000, ನೀರು 900, ಜೆರಾಕ್ಸ್ ಪ್ರಿಂಟ್ 640, ಸ್ಟಾಂಪ್ ನೋಟರಿ 350, ರಿಬ್ಬನ್ ಹಗ್ಗ 450, ಚಾ 1,100 (ಚಾ ಎಲ್ಲಿ ಹೋತು ಅಂತ ಕೇಳಬ್ಯಾಡ್ರಿ, ಬೆಂಚಿನ ಮ್ಯಾಲ ಹೋತು). ಒಟ್ಟು 9,240. ಮಂದಿ ಕೊಟ್ಟಿದ್ದು 17,400, ಒಬ್ಬರ ಹತ್ರಾನೂ 500ಕ್ಕಿಂತ ಜಾಸ್ತಿ ತಗೊಂಡಿಲ್ಲ, ಯಾವ ಲೀಡರ್ ಹತ್ರಾನೂ ಒಂದ್ ರೂಪಾಯಿ ಇಲ್ಲ. ಚಾದರಕ್ಕ 6,000 ಹೋತು ಅಂತ ಹೇಳೀನಲ್ಲ. ಎಲ್ಲಾ ಬಿಲ್ಲಿನ ಫೋಟೋ ಅವತ್ತೇ ರಾತ್ರಿ ಗ್ರೂಪಿಗಿ ಹಾಕಿದ್ವಿ, ಇದು ಮಾಡ್ಲಿಲ್ಲಂದ್ರ ಮುಂದಿನ ಸಲ ಯಾರೂ ಹತ್ತ್ ರೂಪಾಯಿ ಕೊಡಲ್ಲ.

ಮುಗದ ಮ್ಯಾಲೂ ಒಂದ್ ಫೋನ್ ಬರ್ತದ, ಅಂಜಬ್ಯಾಡ್ರಿ. ನಮಗ 1 ಗಂಟಿ ತನ ಅಂತ ಇತ್ತು, ಮುಗಸೋದ್ರಾಗ ಒಂದೂವರಿ ಆಗಿತ್ತು, ಠಾಣೆಗಿ ಬಂದು ಹೇಳಿಕಿ ಬರದು ಕೊಡ್ರಿ ಅಂದ್ರು. ಮೇಡಂ ಜೋಡಿ ಹೋದ್ವಿ, ಶುರುಲಿಂದ ಕೊನಿ ತನ ಹುಡುಗ್ರು ಮಾಡಿದ್ದ ವಿಡಿಯೋ ತೋರಸಿದ್ವಿ, ಬೈಕಿನ ಹುಡುಗ್ರು ಬಂದಿದ್ದು, ಮಂದಿ ಕುಂತಿದ್ದು, ಆಂಬುಲೆನ್ಸಿಗಿ ದಾರಿ ಬಿಟ್ಟಿದ್ದು ಎಲ್ಲಾ ಇತ್ತು, ಅಲ್ಲಿಗಿ ಮುಗೀತು. ಅದಕ್ಕ ಇಬ್ರು ವಿಡಿಯೋಕ್ಕೇ ಇರಲಿ, ಅವರಿಗಿ ಬ್ಯಾರೆ ಕೆಲಸಾ ಹಚ್ಚಬ್ಯಾಡ್ರಿ.

ನಾವು ನಡದು ವಾರ ತುಂಬೋದ್ರಾಗ, ಅಕ್ಟೋಬರ್ 10ಕ್ಕ, ಗಾಜಾದಾಗ ಕದನವಿರಾಮ ಜಾರಿ ಆತು. ಗ್ರೂಪಿನಾಗ ಒಬ್ಬ ಪೋರ ಕಾಕಾ ಕುಂತಿದ್ದಕ್ಕ ನೆತನ್ಯಾಹು ಅಂಜಿದ ಅಂತ ಹಾಕ್ದ, ನಕ್ಕು ನಕ್ಕು ಸಾಕಾತು. ಸಾವಕಾರ್ರು ಮಾತ್ರ ನಗಲಿಲ್ಲ, ನೀವು ನಡದಿದ್ದರಿಂದ ಏನಾತು ಅಂತ ಮತ್ತೂ ಕೇಳಿದ್ರು. ನಾ ಹೇಳಿದ್ದು ಇಷ್ಟೇ: 2003ರಾಗ ಅಷ್ಟ್ ಮಂದಿ ನಡದ್ರೂ ಮಾರ್ಚ್ 20ಕ್ಕ ಇರಾಕ್ ಮ್ಯಾಲ ಬಾಂಬ್ ಬಿತ್ತು, ಇದು ಖರೇ. ಆದ್ರ ಅದೇ ಮಾರ್ಚ್ 1ಕ್ಕ ಟರ್ಕಿ ಪಾರ್ಲಿಮೆಂಟು ಅಮೆರಿಕಾದ ಸೈನ್ಯ ನಮ್ಮ ನೆಲದ ಮ್ಯಾಲಿಂದ ಹೋಗೋದು ಬ್ಯಾಡ ಅಂತು, ಆವಾಗ ಹೊರಗ ಅಂಕಾರಾದ ಬೀದಿ ತುಂಬ ಮಂದಿ ಇತ್ತು, ಜುಲೈ 14ಕ್ಕ ಭಾರತ ಸರ್ಕಾರಾನೂ ನಮ್ಮ ಸೈನಿಕರಿಗಿ ಇರಾಕಿಗಿ ಕಳಸಲ್ಲ ಅಂತು. ಆವಾಗ ಹೋಗಬೇಕಾಗಿದ್ದ ಹುಡುಗ್ರದಾಗ ನಮ್ಮ ಕಡಿಯವರೂ ಇರ್ತಿದ್ರಲ್ರಿ ಸಾವಕಾರ್ರೆ ಅಂದೆ. ಅವರು ತೊಗರಿ ರೇಟ್ ನೋಡು ಅಂದ್ರು.

ಬೀದರ್‌ನವರಿಗಿ ಅರ್ಜಿ, ಮುಚ್ಚಳಿಕಿ, ಘೋಷಣಾ ಪಟ್ಟಿ ಮೂರರ ಕಾಪಿನೂ ಕಳಸೀನಿ, ಯಾದಗಿರಿಯವರಿಗಿ ನಾಳಿಗಿ ಕಳಸ್ತೀನಿ, ಊರಿನ ಹೆಸರು ರಸ್ತಾದ ಹೆಸರು ಬದಲಿ ಮಾಡ್ಕೊಂಡ್ರ ಸಾಕು. ನಮ್ಮ ಹತ್ರ ಉಳದಿದ್ದು 1,160 ರೂಪಾಯಿ, ಆ ಮೈಕಿನವನ ಹತ್ರ ಡಿಪಾಸಿಟ್ 1,000 ಇನ್ನೂ ಅದ, ವೈರ್ ಮಳಿಯಾಗ ತೋದು ಹೋಗ್ಯದ ಅಂತ ಕೊಡವಲ್ಲ, ಸಂಜಿಗಿ ಭಾಯ್‌ಗ ಕರಕೊಂಡು ಹೋಗಿ ಕೇಳಬೇಕು.